ಪೆಟ್ಟಿಗೆಯ ನಾದ, ಕೋಣೆಯ ನಾದ

ಸ್ಟ್ಯಾಂಡಿನ ಹಂಗಿಲ್ಲದೆ ನೆಲದ ಮೇಲೆ ತಾನೇ ನಿಲ್ಲುವ ಎತ್ತರದ ಸ್ಪೀಕರ್ ಜೋಡಿಗಳನ್ನು, ಅಂದರೆ ಅಂಗಡಿಗಳಲ್ಲಿ ‘ಟವರ್’ ಎಂದೇ ಹೆಸರಾದ ಪೆಟ್ಟಿಗೆಗಳನ್ನು, ಕುರಿತ ವಿಮರ್ಶೆಯಲ್ಲಿ ಎರಡು ಭಾಷೆಗಳು ಅಕ್ಕಪಕ್ಕ ಬಾಳುತ್ತಿವೆ. ಒಂದು ವ್ಯಾಟ್, ಹರ್ಟ್ಸ್, ಡೆಸಿಬೆಲ್‌ಗಳ ಲೆಕ್ಕದ ಭಾಷೆ. ಇನ್ನೊಂದು, ನಾದ ಬೆಚ್ಚಗಿದೆ, ಬಾಸ್ ಬಿಗಿಯಾಗಿದೆ, ಗಾಯಕಿ ಎದುರಿಗೇ ಬಂದು ಕುಳಿತಂತಿದೆ ಎನ್ನುವ ರಸಿಕರ ಭಾಷೆ. ಮೊದಲನೆಯದಕ್ಕೆ ಕಿವಿ ಯಾವುದನ್ನು ಎಷ್ಟು ತೂಗುತ್ತದೆ ಎಂಬುದರ ಅರಿವು ಕಡಿಮೆ. ಎರಡನೆಯದಕ್ಕೆ ತಾನು ಮೆಚ್ಚಿದ್ದು ಪೆಟ್ಟಿಗೆಯನ್ನೋ, ಪೆಟ್ಟಿಗೆ ನಿಂತಿರುವ ಕೋಣೆಯನ್ನೋ ಎಂಬ ವಿವೇಚನೆ ಅದಕ್ಕಿಂತ ಕಡಿಮೆ. ಟವರ್ ಸ್ಪೀಕರಿನ ವಿಷಯದಲ್ಲಿ ಈ ಎರಡನೆಯ ಕೊರತೆ ಹೆಚ್ಚು ದುಬಾರಿಯಾದದ್ದು, ಏಕೆಂದರೆ ಟವರ್ ತನ್ನ ಹೆಚ್ಚುಗಾರಿಕೆಯೆಂದು ಮುಂದಿಡುವ ಬಾಸ್, ಅಂದರೆ ಮಂದ್ರದ ಸದ್ದು, ನಾದದ ಇತರ ಭಾಗಗಳಿಗಿಂತ ಮಿಗಿಲಾಗಿ ಕೋಣೆಯ ಹಿಡಿತಕ್ಕೆ ಒಳಪಟ್ಟದ್ದು.

ಅಂಕಿಗಳ ಭಾಷೆಯನ್ನು ಬೇಗನೆ ದಾಟಬಹುದು. ಒಂದು ಕಾಲದಲ್ಲಿ ಭಾರತದ ಟೇಪ್‌ರೆಕಾರ್ಡರುಗಳ ಮೇಲೆ ಚೀಟಿ ಅಂಟಿಸಿ ಮೆರೆಸುತ್ತಿದ್ದ ‘ಪಿಎಂಪಿಒ’ ಎಂಬ ಉಬ್ಬಿಸಿದ ವ್ಯಾಟುಗಳಿಂದ ಇಂದಿನ ಗ್ರಾಹಕ ಪಾರಾಗಿದ್ದರೂ ವ್ಯಾಟಿನ ಮೋಹ ಪೂರ್ತಿ ಬಿಟ್ಟಿಲ್ಲ. ಸ್ಪೀಕರಿನ ಮೇಲೆ ಬರೆದಿರುವ ವ್ಯಾಟು ಅದು ತಡೆದುಕೊಳ್ಳಬಲ್ಲ ಶಕ್ತಿಯನ್ನು ಸೂಚಿಸುತ್ತದೆಯೇ ಹೊರತು ಅದರ ನಾದದ ಗುಣವನ್ನು ಹೇಳುವುದಿಲ್ಲ. ಸಂವೇದನೆಯೆಂಬ ಅಂಕಿಗೆ, ಅಂದರೆ 2.83 ವೋಲ್ಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಎಂಬ ಅಳತೆಗೆ, ಸ್ವಲ್ಪ ಅರ್ಥವುಂಟು: ಆಂಪ್ಲಿಫೈಯರಿನ ಶಕ್ತಿಯನ್ನು ಇಮ್ಮಡಿಸಿದರೆ ಸಿಗುವುದು ಬರೀ 3 ಡೆಸಿಬೆಲ್, ಸದ್ದು ಕಿವಿಗೆ ಎರಡರಷ್ಟೆನಿಸಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ‘35 ಹರ್ಟ್ಸ್‌ನಿಂದ 25,000 ಹರ್ಟ್ಸ್‌ವರೆಗೆ’ ಎಂಬಂಥ ವ್ಯಾಪ್ತಿಯ ಘೋಷಣೆಯಲ್ಲಾದರೋ, ಆ ಎರಡು ತುದಿಗಳ ನಡುವೆ ಸದ್ದು ಎಷ್ಟು ಡೆಸಿಬೆಲ್ ಏರಿಳಿಯುತ್ತದೆ ಎಂಬುದನ್ನು ಹೇಳದ ಹೊರತು ಏನೂ ಹೇಳಿದಂತಾಗುವುದಿಲ್ಲ.

ಪೆಟ್ಟಿಗೆ ಅಷ್ಟೆತ್ತರ ಬೆಳೆದದ್ದಕ್ಕೆ ಕಾರಣ ಅಲಂಕಾರವಲ್ಲ. ಆಸ್ಟ್ರೇಲಿಯದ ನೆವಿಲ್ ಥೀಲ್ 1961ರಲ್ಲಿ ಆರಂಭಿಸಿ, ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ವಿಸ್ತರಿಸಿದ ಗಣಿತದ ತಿರುಳೆಂದರೆ, ಬಾಸ್ ಎಷ್ಟು ಕೆಳಗಿಳಿಯುತ್ತದೆ, ಪೆಟ್ಟಿಗೆ ಎಷ್ಟು ಚಿಕ್ಕದಿರುತ್ತದೆ, ಕೊಟ್ಟ ಶಕ್ತಿಗೆ ಎಷ್ಟು ಸದ್ದು ಹೊರಡುತ್ತದೆ ಎಂಬ ಮೂರೂ ಒಂದೇ ಗಂಟಿಗೆ ಬಿಗಿದುಕೊಂಡಿವೆ. ಎರಡನ್ನು ಹಿಡಿದರೆ ಮೂರನೆಯದು ಕೈತಪ್ಪುತ್ತದೆ. ಎಡ್ಗರ್ ವಿಲ್ಚರ್ 1954ರ ‘ಎಆರ್-1’ ಸ್ಪೀಕರಿನಲ್ಲಿ ಎಲ್ಲ ಕಡೆ ಮುಚ್ಚಿದ ಸಣ್ಣ ಪೆಟ್ಟಿಗೆಯಿಂದ ಆಳವಾದ ಬಾಸ್ ಹೊರಡಿಸಿದಾಗ ಅದಕ್ಕೆ ತೆತ್ತ ಬೆಲೆ ಆಂಪ್ಲಿಫೈಯರಿನ ಮೇಲೆ ಬಿದ್ದ ಹೆಚ್ಚಿನ ಹೊರೆಯಾಗಿತ್ತು. ಟವರ್ ಆ ಬೆಲೆಯನ್ನು ಪೆಟ್ಟಿಗೆಯ ಗಾತ್ರದ ರೂಪದಲ್ಲಿ ತೆರುತ್ತದೆ. ಅದಕ್ಕೆ ಇನ್ನೊಂದು ಅನುಕೂಲವೂ ಇದೆ. ಮಂದ್ರವನ್ನು ನುಡಿಸುವ ದೊಡ್ಡ ಡ್ರೈವರಿಗೆ, ಅಂದರೆ ವೂಫರಿಗೆ, ನೆಲದ ಹತ್ತಿರ ಜಾಗ ಸಿಗುತ್ತದೆ. ನೇರವಾಗಿ ಬಂದ ಸದ್ದೂ ನೆಲಕ್ಕೆ ತಗುಲಿ ಬಂದ ಸದ್ದೂ ಕಿವಿಯಲ್ಲಿ ಸೇರುವಾಗ ಒಂದು ಆವೃತ್ತಿಯಲ್ಲಿ ಪರಸ್ಪರ ಅಳಿಸಿಕೊಳ್ಳುತ್ತವೆ. ಕೇಳುಗ ಮೂರು ಮೀಟರ್ ದೂರದಲ್ಲಿದ್ದು ಅವನ ಕಿವಿ ಒಂದು ಮೀಟರ್ ಎತ್ತರದಲ್ಲಿದ್ದರೆ, 80 ಸೆಂಟಿಮೀಟರ್ ಎತ್ತರದ ವೂಫರಿನಲ್ಲಿ ಈ ತಗ್ಗು ಸುಮಾರು 350 ಹರ್ಟ್ಸ್‌ನಲ್ಲಿ, ಗಂಡುದನಿಯ ಮೈತುಂಬುವ ಜಾಗದಲ್ಲೇ, ಬೀಳುತ್ತದೆ. ವೂಫರನ್ನು 30 ಸೆಂಟಿಮೀಟರಿಗೆ ಇಳಿಸಿದರೆ ಅದು 900 ಹರ್ಟ್ಸ್‌ನ ಆಸುಪಾಸಿಗೆ ಜಾರಿ, ಆ ಎತ್ತರದ ಸ್ವರಗಳನ್ನು ಬೇರೆ ಡ್ರೈವರಿಗೆ ಒಪ್ಪಿಸಿರುವ ಮೂರು ಹಾದಿಯ ಸ್ಪೀಕರಿನಲ್ಲಿ ವೂಫರಿನ ಪಾಲಿನಿಂದಲೇ ಹೊರಬೀಳುತ್ತದೆ. ಟವರ್ ವಿನ್ಯಾಸದ ಈ ನಿಜವಾದ ಗುಣ ವಿಮರ್ಶೆಗಳಲ್ಲಿ ಕಾಣುವುದು ಅಪರೂಪ.

ಬಾಸಿಗೆ ಬಂದರೆ ಲೆಕ್ಕ ಬೇರೆಯಾಗುತ್ತದೆ. ಹದಿನೈದಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಹಾಲನ್ನು ಊಹಿಸಬಹುದು. ಇಂಥ ಹಾಲು ಕರ್ನಾಟಕದ ಯಾವ ಊರಿನಲ್ಲೂ ಅಪರೂಪವಲ್ಲ. ಎದುರುಬದುರು ಗೋಡೆಗಳ ನಡುವೆ ಸದ್ದಿನ ಅರ್ಧ ತರಂಗ ಸರಿಯಾಗಿ ಕೂರುವ ಆವೃತ್ತಿಯಲ್ಲಿ ಕೋಣೆಯೇ ತಂಬೂರಿಯ ಬುರುಡೆಯಂತೆ ಅನುನಾದಿಸುತ್ತದೆ, ಅಂದರೆ ಆ ಒಂದು ಸ್ವರವನ್ನು ಎತ್ತಿ ಹಿಡಿದು ಬೇಗನೆ ಬಿಡದೆ ಗುಂಯ್‌ಗುಡುತ್ತದೆ. ಈ ಹಾಲಿನ ಉದ್ದದಲ್ಲಿ ಅಂಥ ಆವೃತ್ತಿ ಸುಮಾರು 37 ಹರ್ಟ್ಸ್, ಅಗಲದಲ್ಲಿ 56 ಹರ್ಟ್ಸ್, ಎತ್ತರದಲ್ಲೂ ಅದೇ 56 ಹರ್ಟ್ಸ್. ಎರಡು ಅನುನಾದಗಳು ಒಂದರ ಮೇಲೊಂದು ಕುಳಿತ ಈ ಜಾಗಕ್ಕೆ ಬಾಸ್ ಗಿಟಾರಿನ ‘ಎ’ ತಂತಿ, ಅದರ ಆವೃತ್ತಿ 55 ಹರ್ಟ್ಸ್, ಬಂದು ತಾಗುತ್ತದೆ. ಸಿನಿಮಾ ಹಾಡೊಂದರಲ್ಲಿ ಗಿಟಾರಿನವನು ಸಮವಾಗಿ ಮೀಟುತ್ತಾ ಇಳಿಯುವಾಗ ಆ ಒಂದು ಸ್ವರ ಮಾತ್ರ ಹೊಟ್ಟೆಯುಬ್ಬಿಸಿಕೊಂಡು ನಿಲ್ಲುವುದೂ, 49 ಹರ್ಟ್ಸ್‌ನ ‘ಜಿ’ ಸಪ್ಪೆಯಾಗಿ ಹಾದುಹೋಗುವುದೂ ಗಿಟಾರಿನವನ ತಪ್ಪಲ್ಲ, ಸ್ಪೀಕರಿನ ತಪ್ಪೂ ಅಲ್ಲ. ಕೇಳುಗ ಕುರ್ಚಿಯನ್ನು ಎರಡಡಿ ಸರಿಸಿದರೆ ತೀರ್ಪೇ ಬದಲಾಗಬಹುದು. ಸ್ಪೀಕರನ್ನು ಹಿಂಬದಿಯ ಗೋಡೆಯಿಂದ ಒಂದು ಮೀಟರ್ ಮುಂದಕ್ಕೆ ತಂದರೆ ಗೋಡೆಗೆ ತಗುಲಿ ಮರಳಿದ ಸದ್ದು 86 ಹರ್ಟ್ಸ್‌ನ ಸುತ್ತ ಇನ್ನೊಂದು ಗುಂಡಿ ತೋಡುತ್ತದೆ.

ಹೀಗಿರುವಾಗ ಪರದೇಶದ ಪತ್ರಿಕೆಯೊಂದು ಯಾವುದೋ ಟವರಿನ ಬಾಸನ್ನು ‘ಬಿಗಿ’ ಎಂದು ಹೊಗಳಿದ್ದನ್ನು ನಂಬಿ ಇಲ್ಲಿ ಅದನ್ನು ಕೊಳ್ಳುವುದರಲ್ಲಿ ಒಂದು ವಿಶೇಷವಾದ ಅಪಾಯವಿದೆ. ಉತ್ತರ ಅಮೆರಿಕದ ಮನೆಗಳ ಗೋಡೆಗಳು ಬಹುಮಟ್ಟಿಗೆ ಮರದ ಚೌಕಟ್ಟಿಗೆ ಜಿಪ್ಸಂ ಹಲಗೆ ಹೊಡೆದು ಮಾಡಿದವು. ಮಂದ್ರದ ಸದ್ದಿಗೆ ಅವು ತಾವೇ ಅಲುಗಿ ಅದರ ಒಂದು ಪಾಲನ್ನು ನುಂಗಿಬಿಡುತ್ತವೆ. ಇಟ್ಟಿಗೆ, ಕಲ್ಲು, ಕಾಂಕ್ರೀಟಿನ ಗೋಡೆಗಳು ಹಾಗೆ ಬಗ್ಗುವುದಿಲ್ಲ. ಅಲ್ಲಿನ ಕೋಣೆಯಲ್ಲಿ ಹದವಾಗಿ ಕೇಳಿಸಿದ ಬಾಸ್ ಇಲ್ಲಿನ ಕೋಣೆಯಲ್ಲಿ ಅಗತ್ಯಕ್ಕಿಂತ ದಪ್ಪವಾಗುವುದು ಆಕಸ್ಮಿಕವಲ್ಲ. ಮೇಲಾಗಿ ಟೈಲ್ಸ್ ಹಾಸಿದ ನೆಲ ಮತ್ತು ಪರದೆಯಿಲ್ಲದ ಕಿಟಕಿಗಳು ತಾರಸ್ಥಾಯಿಯ ಸದ್ದನ್ನೂ ಹೀರದೆ ಹಿಂದಕ್ಕೆಸೆಯುತ್ತವೆ.

ಹಾಗಾದರೆ ಪೆಟ್ಟಿಗೆಯ ಸ್ವಂತದ್ದೆಂದು ಯಾವುದನ್ನು ತೂಗಬೇಕು? ಸಾಮಾನ್ಯ ಗಾತ್ರದ ಕೋಣೆಗಳಲ್ಲಿ ಸುಮಾರು 300 ಹರ್ಟ್ಸ್‌ನಿಂದ ಮೇಲಕ್ಕೆ ಸ್ಪೀಕರಿನ ಗುಣವೇ ಮೇಲುಗೈಯಾಗುತ್ತದೆ. ಅಲ್ಲಿ ಕಿವಿ ಮೊದಲು ತಲುಪಿದ ನೇರ ಸದ್ದನ್ನೂ, ಕೆಲವೇ ಸಾವಿರದೊಂದಂಶ ಸೆಕೆಂಡುಗಳ ಬಳಿಕ ಪಕ್ಕದ ಗೋಡೆಯಿಂದ ಬರುವ ಪ್ರತಿಫಲಿತ ಸದ್ದನ್ನೂ ಕೂಡಿಸಿ ಒಂದೇ ನಾದವಾಗಿ ಗ್ರಹಿಸುತ್ತದೆ. ಆದ್ದರಿಂದ ಸ್ಪೀಕರ್ ಎದುರಿಗೆ ಏನು ನುಡಿಯುತ್ತದೆ ಎಂಬಷ್ಟೇ ಮುಖ್ಯವಾದದ್ದು ಅದು ಪಕ್ಕಕ್ಕೆ ಏನು ನುಡಿಯುತ್ತದೆ ಎಂಬುದು. ಎಂಟು ಇಂಚಿನ ವೂಫರ್ ಮೇಲಿನ ಸ್ವರಗಳಿಗೆ ಹೋದಂತೆ ಟಾರ್ಚಿನ ಬೆಳಕಿನಂತೆ ಕಿರಿದಾಗುತ್ತಾ ಬರುತ್ತದೆ. ಅದರಿಂದ ಕೆಲಸ ವಹಿಸಿಕೊಳ್ಳುವ ಒಂದಿಂಚಿನ ಟ್ವೀಟರ್ ಇದ್ದಕ್ಕಿದ್ದಂತೆ ಎಲ್ಲ ದಿಕ್ಕಿಗೂ ಚೆಲ್ಲುತ್ತದೆ. ಈ ಹಸ್ತಾಂತರವನ್ನು ನೋಡಿಕೊಳ್ಳುವ ಕ್ರಾಸ್‌ಓವರ್ ಎಂಬ ವಿದ್ಯುತ್ ಜಾಲ ಎಷ್ಟೇ ಜಾಣತನದ್ದಾದರೂ ಎರಡರ ಹರವನ್ನು ಹೊಂದಿಸದಿದ್ದರೆ, ಎದುರು ಕುಳಿತವನಿಗೆ ಸಮವಾಗಿರುವ ನಾದವೇ ಗೋಡೆಯ ಮೂಲಕ ಸುತ್ತಿ ಬಂದಾಗ ಕರ್ಕಶವಾಗಿರುತ್ತದೆ. ವಿಮರ್ಶಕನೊಬ್ಬ ‘ಬಹಳ ಹೊತ್ತು ಕೇಳಿದರೆ ದಣಿವು’ ಎಂದು ಬರೆದಾಗ ಅವನ ಅನುಭವ ನಿಜವಿರಬಹುದು. ಅವನು ಕಾರಣವನ್ನು ಕೇಬಲಿಗೋ ಆಂಪ್ಲಿಫೈಯರಿಗೋ ಅಂಟಿಸಿದಾಗಲೇ ತಪ್ಪಾಗುವುದು.

ಈ ತಿಳಿವಳಿಕೆಗೆ ಗಟ್ಟಿ ತಳಹದಿ ಸಿಕ್ಕಿದ್ದು ಫ್ಲಾಯ್ಡ್ ಟೂಲ್ ಎಂಬ ವಿಜ್ಞಾನಿ ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ 1980ರ ದಶಕದಲ್ಲಿ ನಡೆಸಿದ ಪ್ರಯೋಗಗಳಿಂದ, ಬಳಿಕ ಹರ್ಮನ್ ಕಂಪನಿಯಲ್ಲಿ ಅವರು ಶಾನ್ ಆಲಿವ್ ಜೊತೆಗೂಡಿ ಮುಂದುವರಿಸಿದ ಕೆಲಸದಿಂದ. ಸ್ಪೀಕರುಗಳನ್ನು ಪರದೆಯ ಹಿಂದಿಟ್ಟು, ಸದ್ದಿನ ಮಟ್ಟವನ್ನು ಸಮಗೊಳಿಸಿ, ಯಾವುದು ಯಾವುದೆಂದು ಹೇಳದೆ ಕೇಳಿಸುವುದು ಅವರ ಪದ್ಧತಿ. 1994ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇಲ್ಲಿ ಹತ್ತಿರದಿಂದ ನೋಡತಕ್ಕದ್ದು. ಕೇಳಿದವರು ನಲವತ್ತು ಮಂದಿ, ಎಲ್ಲರೂ ಸ್ಪೀಕರ್ ತಯಾರಿಸುವ ಅದೇ ಕಂಪನಿಯ ನೌಕರರು. ಕೇಳಿಸಿದ ನಾಲ್ಕರಲ್ಲಿ ದೊಡ್ಡ ಟವರುಗಳೂ ಇದ್ದವು, ಅಗ್ಗದ ಪುಟ್ಟ ಸ್ಪೀಕರುಗಳ ಜೊತೆಗೆ ಸಬ್‌ವೂಫರ್ ಸೇರಿದ ಒಂದು ಸೆಟ್ಟೂ ಇತ್ತು. ಪರದೆ ಇದ್ದಾಗ ಆ ಪುಟ್ಟ ಸೆಟ್ಟು ದೊಡ್ಡವುಗಳ ಜೊತೆ ಸರಿಸಮನಾಗಿ ನಿಂತಿತು. ಪರದೆ ಸರಿಸಿದ ಮೇಲೆ ಅದರ ಅಂಕ ಕುಸಿದು, ನೋಡಲು ಭವ್ಯವಾದ ಟವರುಗಳ ಅಂಕ ಏರಿತು. ಅದಕ್ಕಿಂತ ಕುತೂಹಲದ ಸಂಗತಿಯೆಂದರೆ, ಸ್ಪೀಕರಿನ ಜಾಗ ಬದಲಿಸಿದಾಗ ಆಗುವ ನಾದದ ವ್ಯತ್ಯಾಸವನ್ನು ಕಣ್ಣಿಗೆ ಮರೆಯಿದ್ದಾಗ ಗುರುತಿಸಿದ ಅದೇ ಕಿವಿಗಳು ಕಣ್ಣು ತೆರೆದಾಗ ಅದನ್ನು ಹೆಚ್ಚುಕಡಿಮೆ ಮರೆತುಬಿಟ್ಟವು. ವೃತ್ತಿಯವರ ಗತಿಯೇ ಇದಾದರೆ, ಎತ್ತರವೂ ಮರದ ಹೊಳಪೂ ಬೆಲೆಯ ಚೀಟಿಯೂ ಎದುರಿಗಿಟ್ಟುಕೊಂಡು ಬರೆದ ವಿಮರ್ಶೆಯನ್ನು ಎಷ್ಟರಮಟ್ಟಿಗೆ ಕಿವಿಯ ಸಾಕ್ಷ್ಯವೆನ್ನಬಹುದು?

ಆಲಿವ್ 2004ರಲ್ಲಿ 70 ಸ್ಪೀಕರುಗಳನ್ನು ಪ್ರತಿಧ್ವನಿಯಿಲ್ಲದ ಕೊಠಡಿಯಲ್ಲಿ ಸುತ್ತಲಿನಿಂದ ಅಳೆದು, ಆ ಅಳತೆಗಳಿಂದಲೇ ಕೇಳುಗರ ಮೆಚ್ಚುಗೆಯನ್ನು ಮುಂಗಂಡು ಹೇಳುವ ಸೂತ್ರವೊಂದನ್ನು ರೂಪಿಸಿದರು. ಸೂತ್ರಕ್ಕೂ ನಿಜವಾದ ಅಂಕಗಳಿಗೂ ಇದ್ದ ಸಹಸಂಬಂಧ 0.86. ಎದುರಿನ ನಾದ ಸಮತಟ್ಟಾಗಿರುವುದು, ಪಕ್ಕದ ನಾದ ನಯವಾಗಿ ಇಳಿಯುವುದು ಇವೆರಡೂ ಅದರಲ್ಲಿ ದೊಡ್ಡ ಪಾಲು ಪಡೆದಿವೆ. ಆದರೂ ಈ ಸೂತ್ರವನ್ನು ಕಣ್ಣುಮುಚ್ಚಿ ಒಪ್ಪುವಂತಿಲ್ಲ. ಮೆಚ್ಚುಗೆಯ ಸುಮಾರು ಮೂರನೇ ಒಂದು ಪಾಲನ್ನು ಅದು ಬಾಸಿನ ಆಳಕ್ಕೆ ಕೊಡುತ್ತದೆ. ಆ ಆಳವನ್ನು ಕೋಣೆಯ ಅನುನಾದಗಳೆಲ್ಲವನ್ನೂ ಹೊರಗಿಟ್ಟು ಅಳೆಯಲಾಗಿದೆ. ಟವರಿಗೆ ಇದರಿಂದ ಕಾಗದದ ಮೇಲೆ ಸಿಗುವ ಲಾಭ ಹತ್ತಡಿ ಅಗಲದ ಹಾಲಿನಲ್ಲಿ ನಷ್ಟವಾಗಿಯೂ ಪರಿಣಮಿಸಬಹುದು. ಟೂಲ್ ಅವರೂ ಸಂಗಡಿಗರೂ ಒಂದೇ ಸ್ಪೀಕರನ್ನು ಕೇಳಿಸಿದ್ದಕ್ಕೆ, ಜೋಡಿಯನ್ನಲ್ಲ, ಕೆಲವರು ಆಕ್ಷೇಪಿಸುತ್ತಾರೆ. ಅದು ಅಷ್ಟು ಬಲವಾದ ಆಕ್ಷೇಪವಲ್ಲ: ಒಂಟಿ ಸ್ಪೀಕರಿನಲ್ಲಿ ದೋಷ ಹೆಚ್ಚು ಸ್ಪಷ್ಟವಾಗಿ ಕೇಳಿಸುತ್ತದೆ ಎಂದು ಅವರ ಪ್ರಯೋಗಗಳೇ ತೋರಿಸಿವೆ, ಸ್ಟೀರಿಯೋದ ಹರವು ಎಷ್ಟೋ ಕೊಳೆಯನ್ನು ಮುಚ್ಚಿಡುತ್ತದೆ.

ಯಾವುದನ್ನು ಕೇಳಿಸಿ ಪರೀಕ್ಷಿಸಬೇಕು ಎಂಬಲ್ಲಿ ರೂಢಿಯ ನಂಬಿಕೆ ತಲೆಕೆಳಗಾಗುತ್ತದೆ. ಒಂಟಿ ಕಂಠ, ಒಂಟಿ ಗಿಟಾರು, ಮಾತು ಇವು ಸ್ಪೀಕರಿನ ದೋಷವನ್ನು ಬಯಲಿಗೆಳೆಯುವುದರಲ್ಲಿ ಹಿಂದೆ. ಎಲ್ಲ ಆವೃತ್ತಿಗಳೂ ಒಟ್ಟಿಗೆ ತುಂಬಿಕೊಂಡ ಸದ್ದು, ಉದಾಹರಣೆಗೆ ಮಳೆ ಸುರಿದಂತೆ ಕೇಳುವ ‘ಪಿಂಕ್ ನಾಯ್ಸ್’, ಮುಂದೆ. ಕನ್ನಡದ ಕೇಳುಗನಿಗೆ ಇದಕ್ಕೆ ಹತ್ತಿರದ ಬಂಧು ತಂಬೂರಿ. ಕುದುರೆಯ ಮೇಲೆ ತಂತಿಯಡಿ ಸಿಕ್ಕಿಸುವ ಜೀವಾಳವೆಂಬ ನೂಲಿನಿಂದ ಒಂದೇ ಮೀಟಿನಲ್ಲಿ ಉಪಸ್ವರಗಳ, ಅಂದರೆ ಮೂಲಸ್ವರದ ಎರಡು, ಮೂರು, ನಾಲ್ಕು ಪಟ್ಟು ಆವೃತ್ತಿಯ ಸ್ವರಗಳ, ದೊಡ್ಡ ಸಮೂಹವೇ ಏಳುತ್ತದೆ. ಮುಂದೆ 1933ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದ ಸಿ. ವಿ. ರಾಮನ್ 1921ರಲ್ಲೇ ಇದನ್ನು ಗಮನಿಸಿ, ಮೀಟಿದ ಜಾಗಕ್ಕೆ ಅನುಸಾರವಾಗಿ ಹುಟ್ಟಲೇಬಾರದೆಂದು ನಿಯಮ ಹೇಳುವ ಉಪಸ್ವರಗಳೂ ತಂಬೂರಿಯಲ್ಲಿ ಜೋರಾಗಿ ಕೇಳಿಬರುತ್ತವೆಂದು ಬರೆದಿದ್ದರು. ಶ್ರುತಿಗೂಡಿದ ತಂಬೂರಿಯ ಮುದ್ರಣವನ್ನು ಐದು ನಿಮಿಷ ಬೇರೇನೂ ಇಲ್ಲದೆ ಕೇಳಿಸಿದಾಗ ಉಪಸ್ವರಗಳು ಮಂದ್ರದಿಂದ ತಾರಕ್ಕೆ ಒಂದೊಂದಾಗಿ ಅರಳಿ ಇಳಿಯಬೇಕು. ಅವುಗಳಲ್ಲಿ ಒಂದು ಪ್ರತಿ ಸುತ್ತಿನಲ್ಲೂ ಮಿಕ್ಕವನ್ನು ತಳ್ಳಿಕೊಂಡು ಮುಂದೆ ಬಂದರೆ, ಷಡ್ಜ ಮೂಗಿನಿಂದ ಹೊರಟಂತೆ ಕೇಳಿದರೆ, ಪೆಟ್ಟಿಗೆಯಲ್ಲಿಯೋ ಡ್ರೈವರಿನಲ್ಲಿಯೋ ಅನುನಾದವೊಂದು ಅಡಗಿದೆ ಎಂದು ಶಂಕಿಸಬಹುದು. ತಂಬೂರಿಗೂ ಮಿತಿಯಿದೆ: ಅದರ ಸ್ವರಗಳ ನಡುವಣ ಸಂದಿಯಲ್ಲಿ ಬಿದ್ದ ಕಿರಿದಾದ ದೋಷ ಅದಕ್ಕೆ ಸಿಕ್ಕದು. ಆದರೆ ಅದರ ನಾದ ಹೇಗಿರಬೇಕೆಂದು ಬಲ್ಲ ಕಿವಿಗಳು ಈ ನಾಡಿನಲ್ಲಿ ಸಾಕಷ್ಟಿವೆ, ಪಿಂಕ್ ನಾಯ್ಸಿಗೆ ಆ ಸೌಲಭ್ಯವಿಲ್ಲ.

‘ಥೇಟ್ ಕಛೇರಿಯಂತೆ’ ಎಂಬ ಪ್ರಶಂಸೆಯನ್ನಂತೂ ಪ್ರಮಾಣವಾಗಿ ಎಣಿಸಲಾಗದು. 1915ರಿಂದ 1925ರವರೆಗೆ ಎಡಿಸನ್ ಕಂಪನಿ ಅಮೆರಿಕದ ಸಭಾಂಗಣಗಳಲ್ಲಿ ಗಾಯಕರನ್ನು ಫೋನೋಗ್ರಾಫಿನ ಪಕ್ಕದಲ್ಲೇ ನಿಲ್ಲಿಸಿ, ದೀಪವಾರಿಸಿ, ಈಗ ಹಾಡುತ್ತಿರುವುದು ಮನುಷ್ಯನೋ ಯಂತ್ರವೋ ಎಂದು ಕೇಳಿಸುತ್ತಿತ್ತು. ವಿದ್ಯುತ್ತಿನ ನೆರವೇ ಇಲ್ಲದ ಆ ಯಂತ್ರಕ್ಕೂ ಕಂಠಕ್ಕೂ ವ್ಯತ್ಯಾಸ ತಿಳಿಯಲಿಲ್ಲವೆಂದು ಅಂದಿನ ಸಭಿಕರು ಬೆರಗಾಗಿದ್ದರು.

ಅಂಗಡಿಯಲ್ಲಿ ಎರಡು ಟವರುಗಳನ್ನು ಹೋಲಿಸುವವರು ಮೊದಲು ನೋಡಬೇಕಾದದ್ದು ವಾಲ್ಯೂಮ್. ಅರ್ಧ ಡೆಸಿಬೆಲ್‌ನಷ್ಟು ಅಂತರ ಕಿವಿಗೆ ಸದ್ದಿನ ಹೆಚ್ಚಳವಾಗಿ ತೋರದೆ ನಾದದ ಸೊಗಸಾಗಿ ತೋರುತ್ತದೆ, ಸಂವೇದನೆ ಹೆಚ್ಚಿರುವ ಸ್ಪೀಕರ್ ಏನೂ ಮಾಡದೆ ಗೆದ್ದುಬಿಡುತ್ತದೆ. ಮಟ್ಟವನ್ನು ಮಾಪಕದಿಂದ ಸಮಗೊಳಿಸಿ, ಮಧ್ಯಸ್ಥಾಯಿಯನ್ನೂ ಪಕ್ಕಕ್ಕೆ ಸರಿದು ಕುಳಿತಾಗಿನ ನಾದವನ್ನೂ ಅಲ್ಲಿಯೇ ತೂಗಬಹುದು. ಬಾಸಿನ ತೀರ್ಪನ್ನು ಮಾತ್ರ ಮನೆಗೆ ಬಿಡುವುದು ಲೇಸು. ತಯಾರಕರಿಗೂ ಇದು ತಿಳಿಯದ ಮಾತಲ್ಲ: ಅನೇಕ ಟವರುಗಳ ಡಬ್ಬದಲ್ಲಿ, ಮೊಳೆಕಾಲು ಮತ್ತು ಬಲೆಯ ಮುಚ್ಚಳಗಳ ಜೊತೆಗೆ, ಬಾಸ್ ಹೊರಡುವ ಕೊಳವೆಯ ಬಾಯಿಗೆ ತುರುಕಲೆಂದು ಸ್ಪಂಜಿನ ಎರಡು ಬಿರಡೆಗಳನ್ನೂ ಅವರೇ ಇಟ್ಟು ಕಳಿಸುತ್ತಾರೆ.