ಸಿಂಹದ ಬಲಿ: ಒಂದು ಚಿತ್ರ ಮತ್ತು ಅದರ ಪ್ರೇಕ್ಷಕರು

ಸಿ. ಎಸ್. ಲೂಯಿಸರ 1950ರ ಕಥೆಯನ್ನಾಧರಿಸಿದ ‘ನಾರ್ನಿಯಾ’ ಚಿತ್ರವು (2005) ಮಕ್ಕಳ ಅದ್ಭುತಕಥೆಯೊಳಗೆ ಕ್ರಿಸ್ತನ ಮರಣ-ಪುನರುತ್ಥಾನಗಳ ಛಾಯೆಯನ್ನು ಇರಿಸಿಕೊಂಡಿದೆ. ದ್ರೋಹವೆಸಗಿದ ಬಾಲಕನಿಗೆ ಬದಲಾಗಿ ಅಸ್ಲಾನ್ ಎಂಬ ಸಿಂಹವು ಕಲ್ಲಿನ ಪೀಠದ ಮೇಲೆ ಪ್ರಾಣವಿತ್ತು ಮರಳಿ ಏಳುತ್ತದೆ. ಮುದ್ಗಲ್ಲಿನ ಹಳೆಯ ಕ್ರೈಸ್ತ ಸಮುದಾಯದವರು ಇಲ್ಲಿ ಶಿಲುಬೆಯನ್ನು ಸುಲಭವಾಗಿ ಗುರುತಿಸಿಯಾರು. ಅರಕೇರಾದ ಪ್ರೇಕ್ಷಕನಿಗೆ ನರಸಿಂಹನೋ ಗೋವಿನ ಹಾಡಿನ ಪುಣ್ಯಕೋಟಿಯೋ ನೆನಪಾದರೆ ಆಶ್ಚರ್ಯವಿಲ್ಲ. ಆದರೆ ಈ ಸಾದೃಶ್ಯವು ಅರ್ಥಕ್ಕೆ ಬಾಗಿಲೇ ಹೊರತು ಅರ್ಥವಲ್ಲವೆಂದು ನಾವು ಭಾವಿಸುತ್ತೇವೆ. ನರಸಿಂಹನು ದುಷ್ಟನನ್ನು ಕೊಲ್ಲುತ್ತಾನೆ. ಪುಣ್ಯಕೋಟಿಯು ಕೊಟ್ಟ ಮಾತಿಗಾಗಿ ಮರಳುತ್ತಾಳೆ. ಅಸ್ಲಾನನು ಪರರ ಅಪರಾಧಕ್ಕಾಗಿ ಸಾಯುತ್ತಾನೆ. ಈ ಭೇದವನ್ನು ಮರೆತು ‘ಎಲ್ಲವೂ ಒಂದೇ’ ಎನ್ನುವುದು ಔದಾರ್ಯವೆನಿಸಿದರೂ ವಿಮರ್ಶೆಯಾಗಲಾರದು. ಮತಪ್ರಚಾರವೆಂದು ತಳ್ಳಿಹಾಕುವುದೂ ಅಷ್ಟೇ ಅವಿಚಾರ. ಅನ್ಯರ ಕಥೆಯನ್ನು ಮೊದಲು ಅದರದೇ ಅರ್ಥದಲ್ಲಿ ಅರಿತು, ಬಳಿಕ ನಮ್ಮದರೊಡನೆ ತೂಗಿ ನೋಡುವ ಕ್ರಮವನ್ನು ನಾವು ವಿದ್ಯಾರ್ಥಿಗಳಿಗೆ ಕಲಿಸಬೇಕಾಗಿದೆ.