ಮೊಬೈಲಿನ ಮೇಲೆ ಹೊರಿಸಿದ ಕೇಸು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ನಡೆಯುವ ಯಾವ ಪೋಷಕರ ಸಭೆಗೆ ಹೋದರೂ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: ಮಕ್ಕಳನ್ನು ಮೊಬೈಲು ಕೆಡಿಸಿತು, ರೀಲ್ಸ್ ನೋಡಿ ನೋಡಿ ಏಕಾಗ್ರತೆಯೇ ಸತ್ತುಹೋಯಿತು. ಮೇಷ್ಟ್ರು, ಅಪ್ಪ-ಅಮ್ಮ, ಭಾಷಣಕ್ಕೆ ಬಂದ ಅಧಿಕಾರಿ ಎಲ್ಲರೂ ತಲೆದೂಗುತ್ತಾರೆ. ದೂರುವವರಲ್ಲಿ ಯಾರಿಗೂ ಕಿಂಚಿತ್ತೂ ನಷ್ಟವಾಗದ ಇಂಥ ದೂರನ್ನು ಕಂಡರೆ ನನಗೆ ಗುಮಾನಿ.

2023ರಲ್ಲಿ ಶೇ 83.89 ಇದ್ದ ಎಸ್ಸೆಸ್ಸೆಲ್ಸಿ ಉತ್ತೀರ್ಣರ ಪ್ರಮಾಣ 2024ರಲ್ಲಿ ಶೇ 73.40ಕ್ಕೆ ಕುಸಿಯಿತು. ಅದೂ ಕೃಪಾಂಕವನ್ನು ಧಾರಾಳವಾಗಿ ಹೆಚ್ಚಿಸಿದ ನಂತರ. ಒಂದೇ ವರ್ಷದಲ್ಲಿ ರಾಜ್ಯದ ಮಕ್ಕಳೆಲ್ಲ ಇನ್‌ಸ್ಟಾಗ್ರಾಂಗೆ ಬಲಿಯಾದರೇ? ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ಸಿಸಿಟಿವಿ ಮತ್ತು ವೆಬ್‌ಕಾಸ್ಟಿಂಗ್ ಬಂದವು, ನಕಲಿಗೆ ಕಡಿವಾಣ ಬಿತ್ತು. ಅಲ್ಲಿಯವರೆಗೆ ಮುಚ್ಚಿಟ್ಟಿದ್ದ ಕಲಿಕೆಯ ಕೊರತೆ ಬಯಲಾಯಿತು, ಅಷ್ಟೆ.

ಇನ್ನು ಪ್ರತಿ ಭಾಷಣದಲ್ಲೂ ಈಜುವ ಆ ಗೋಲ್ಡ್‌ಫಿಶ್. ಮನುಷ್ಯನ ಗಮನ 12 ಸೆಕೆಂಡಿನಿಂದ 8 ಸೆಕೆಂಡಿಗೆ ಇಳಿದಿದೆ, ಮೀನಿನದ್ದೇ 9 ಸೆಕೆಂಡು ಎನ್ನುವ ಲೆಕ್ಕ ಜನಪ್ರಿಯವಾದದ್ದು 2015ರಲ್ಲಿ, ಮೈಕ್ರೋಸಾಫ್ಟ್‌ನ ಕೆನಡಾ ಶಾಖೆ ಜಾಹೀರಾತುದಾರರಿಗಾಗಿ ತಂದ ವರದಿಯಿಂದ. ಎರಡು ವರ್ಷದ ನಂತರ ಬಿಬಿಸಿ ಇದರ ಮೂಲ ಹುಡುಕಿ ಹೊರಟಾಗ ಆ ಅಂಕಿಗಳ ಹಿಂದೆ ಯಾವ ಸಂಶೋಧನೆಯೂ ಸಿಗಲಿಲ್ಲ. ಮೀನಿನ ಲೆಕ್ಕಕ್ಕೂ ಆಧಾರವಿರಲಿಲ್ಲ. ಆದರೂ ನಮ್ಮ ಕಾರ್ಯಾಗಾರಗಳಲ್ಲಿ ಅದು ಇವತ್ತಿಗೂ ಜೀವಂತ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ಅವರ ಅಳತೆ ಮಾತ್ರ ಗಟ್ಟಿಯಾದದ್ದು. 2004ರಲ್ಲಿ ಜನ ಒಂದು ಪರದೆಯ ಮೇಲೆ ಸರಾಸರಿ ಎರಡೂವರೆ ನಿಮಿಷ ನಿಲ್ಲುತ್ತಿದ್ದರು, ಇತ್ತೀಚಿನ ವರ್ಷಗಳಲ್ಲಿ ಅದು 47 ಸೆಕೆಂಡು. ಈ ಅಂಕಿಯನ್ನು ಮಕ್ಕಳ ತಲೆಗೆ ಕಟ್ಟುವವರು ಮರೆಯುವುದೇನೆಂದರೆ, ಮಾರ್ಕ್ ಹೆಚ್ಚಾಗಿ ಅಳೆದದ್ದು ಕಚೇರಿಯಲ್ಲಿ ಕೆಲಸ ಮಾಡುವ ದೊಡ್ಡವರನ್ನು. ಮೀಟಿಂಗಿನಲ್ಲಿ ಮೇಜಿನ ಕೆಳಗೆ ವಾಟ್ಸ್‌ಆ್ಯಪ್ ನೋಡುವ ನಾವೇ ಆ ಸರಾಸರಿ.

ಹದಿಹರೆಯದವರ ಬಗ್ಗೆ ನನ್ನ ವಾದಕ್ಕೆ ವಿರುದ್ಧವಾಗಿ ನಿಲ್ಲಬಲ್ಲ ಅಧ್ಯಯನವೊಂದಿದೆ, ಅದನ್ನು ಬಚ್ಚಿಡುವುದಿಲ್ಲ. ಲಾಸ್ ಏಂಜಲೀಸ್ ಪ್ರದೇಶದ 15-16 ವರ್ಷದ 2,587 ವಿದ್ಯಾರ್ಥಿಗಳನ್ನು ಎರಡು ವರ್ಷ ಗಮನಿಸಿದ ಈ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಶುರುವಿನಲ್ಲಿ ಯಾರಿಗೂ ಗಮನಕೊರತೆಯ ಗಣನೀಯ ಲಕ್ಷಣಗಳಿರಲಿಲ್ಲ. ಡಿಜಿಟಲ್ ಚಟುವಟಿಕೆಗಳನ್ನು ಪದೇ ಪದೇ ಮಾಡದವರಲ್ಲಿ ಮುಂದೆ ಲಕ್ಷಣ ಕಂಡದ್ದು ಶೇ 4.6, ಪಟ್ಟಿಯಲ್ಲಿದ್ದ 14 ಚಟುವಟಿಕೆಗಳಲ್ಲೂ ಮುಳುಗಿದ್ದವರಲ್ಲಿ ಶೇ 10.5. ದುಪ್ಪಟ್ಟಿಗಿಂತ ಹೆಚ್ಚು, ಸಣ್ಣ ಮಾತಲ್ಲ. ಆದರೆ ತೀರಾ ಮುಳುಗಿದ್ದ ಗುಂಪಿನಲ್ಲೂ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ ಆ ಲಕ್ಷಣಗಳು ಕಾಣಿಸಲಿಲ್ಲ. ಕಾರಣ ಇದೇ ಎಂದು ಸಂಶೋಧಕರೂ ಹೇಳಲಿಲ್ಲ. ಚಡಪಡಿಸುವ ಮಗು ಫೋನಿಗೆ ಬೇಗ ಅಂಟಿಕೊಳ್ಳುವುದೂ ಉಂಟಲ್ಲ. ಇಷ್ಟರಿಂದ ಒಂದು ತಲೆಮಾರಿನ ಏಕಾಗ್ರತೆಗೆ ತರ್ಪಣ ಬಿಡಲಾಗದು.

ಮೂವತ್ತು ಸೆಕೆಂಡಿನ ರೀಲ್ ಒಂದನ್ನು ಎಡಿಟ್ ಮಾಡುವ ಒಂಬತ್ತನೇ ತರಗತಿಯ ಹುಡುಗನನ್ನು ನೋಡಿ. ಹಾಡಿನ ತಾಳಕ್ಕೆ ದೃಶ್ಯ ಕೂಡಿಸುತ್ತ ಎರಡು ತಾಸು ಊಟದ ಕರೆಗೂ ಏಳುವುದಿಲ್ಲ. ಆ ಗಮನ ಬಂದದ್ದಾದರೂ ಎಲ್ಲಿಂದ? ಅದೇ ಹುಡುಗ ಮರುದಿನ ಸಮಾಜ ವಿಜ್ಞಾನದ ತರಗತಿಯಲ್ಲಿ ಗೈಡಿನಿಂದ ಓದಿ ಬರೆಸುವ ಪ್ರಶ್ನೋತ್ತರವನ್ನು ನಲವತ್ತು ನಿಮಿಷ ಬರೆಯುತ್ತ ತೂಕಡಿಸಿದರೆ ದೋಷವೆಲ್ಲ ಅವನ ತಲೆಯದ್ದು ಎನ್ನಲು ನನಗೆ ಬಾಯಿ ಬರುವುದಿಲ್ಲ. ಬೇಸರದ ಪಾಠವನ್ನೂ ತಾಳಿಕೊಂಡು ಕೂರುವುದು ಒಂದು ಅಭ್ಯಾಸ, ಬಿಡುವಿನ ಪ್ರತಿ ಕ್ಷಣವನ್ನೂ ತುಂಬುವ ಫೋನು ಆ ಅಭ್ಯಾಸಕ್ಕೆ ಅಡ್ಡ ಬರುತ್ತದೆ. ಇದನ್ನು ಒಪ್ಪುತ್ತೇನೆ. ‘ಟಿವಿ ಬಂದಾಗಲೂ ಹೀಗೇ ಬೈದಿದ್ದರು’ ಎಂಬ ಸಮಾಧಾನ ನನಗೆ ಹಿಡಿಸದಿರುವುದೂ ಇದಕ್ಕೇ. ಟಿವಿ ಯಾರ ದಿಂಬಿನಡಿಯಲ್ಲೂ ಮಲಗುತ್ತಿರಲಿಲ್ಲ.

ಸೋಷಿಯಲ್ ಮೀಡಿಯಾ ಮಾಡುವ ನಿಜವಾದ ಹಾನಿ ಇರುವುದು ಆ ದಿಂಬಿನ ಹತ್ತಿರವೇ, ಅಂದರೆ ನಿದ್ದೆಯಲ್ಲಿ. ಹದಿಮೂರರಿಂದ ಹದಿನೆಂಟರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ನಿದ್ರಾ ತಜ್ಞರು ಹೇಳುತ್ತಾರೆ. ಈ ವಯಸ್ಸಿನಲ್ಲಿ ದೇಹದ ಗಡಿಯಾರವೇ ತಡವಾಗಿ ಓಡುವುದರಿಂದ ರಾತ್ರಿ ಬೇಗ ನಿದ್ದೆ ಹತ್ತದು, ಬೆಳಿಗ್ಗೆ ಬೇಗ ಎಚ್ಚರವಾಗದು. ಇದಕ್ಕಾಗಿಯೇ ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಹೈಸ್ಕೂಲುಗಳು ಎಂಟೂವರೆಗಿಂತ ಮೊದಲು ಶುರುವಾಗಬಾರದೆಂಬ ಕಾನೂನಿದೆ. ನಮ್ಮಲ್ಲಿ? ಪರೀಕ್ಷೆ ಹತ್ತಿರವಾದಂತೆ ಹಲವೆಡೆ ಶಿಕ್ಷಕರೇ ಬೆಳಗಿನ ಜಾವ ಫೋನ್ ಮಾಡಿ ಮಕ್ಕಳನ್ನು ಓದಲು ಎಬ್ಬಿಸುತ್ತಾರೆ, ಪತ್ರಿಕೆಗಳು ಅದನ್ನು ಹೊಗಳಿ ಬರೆಯುತ್ತವೆ. ಎಬ್ಬಿಸುವುದೂ ಅದೇ ಮೊಬೈಲಿನಿಂದ! ಸಂಜೆ ಟ್ಯೂಷನ್, ರಾತ್ರಿ ಒಂಬತ್ತಕ್ಕೆ ಶಾಲೆಯ ವಾಟ್ಸ್‌ಆ್ಯಪ್ ಗುಂಪಿಗೆ ಬಂದು ಬೀಳುವ ಹೋಂವರ್ಕ್. ಅದನ್ನು ನೋಡಲು ತೆರೆದ ಫೋನಿನಲ್ಲಿ ಹನ್ನೊಂದೂವರೆಯವರೆಗೆ ರೀಲ್ಸ್. ನಿದ್ದೆಯ ಒಂದು ತುದಿಯನ್ನು ಕಂಪನಿಗಳು ಕತ್ತರಿಸಿದರೆ ಇನ್ನೊಂದು ತುದಿಯನ್ನು ಕತ್ತರಿಸುವವರು ನಾವು.

ಕಂಪನಿಗಳನ್ನು ಬಿಟ್ಟುಬಿಡಿ ಎನ್ನುತ್ತಿಲ್ಲ. ಕೊನೆಯೇ ಇಲ್ಲದ ಸ್ಕ್ರೋಲು, ಒಂದು ದಿನ ತಪ್ಪಿದರೂ ಮುರಿಯುವ ಸ್ನ್ಯಾಪ್‌ಚಾಟ್ ಸ್ಟ್ರೀಕ್, ಇವೆಲ್ಲ ಬೇಕೆಂದೇ ಹೆಣೆದ ಬಲೆ. ಗ್ರಾಮೀಣ ಭಾರತದ 14-16 ವಯಸ್ಸಿನವರಲ್ಲಿ ಶೇ 82 ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ, ಅವರಲ್ಲಿ ಸಮೀಕ್ಷೆಯ ಹಿಂದಿನ ವಾರ ಸೋಷಿಯಲ್ ಮೀಡಿಯಾ ನೋಡಿದವರು ಶೇ 76, ಓದಿಗೆ ಬಳಸಿದವರು ಶೇ 57 ಎನ್ನುತ್ತದೆ ಗ್ರಾಮೀಣ ಶಿಕ್ಷಣ ಸ್ಥಿತಿಯ ಸಮೀಕ್ಷೆಯಾದ 2024ರ ‘ಅಸರ್’ ವರದಿ. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16ರೊಳಗಿನವರಿಗೆ ಈ ಖಾತೆಗಳನ್ನೇ ನಿಷೇಧಿಸಿತು. ಇಲ್ಲೂ ಅಂಥದ್ದು ಬೇಕೆಂದು ಕೂಗುವವರನ್ನು ನಾನು ತಡೆಯುವುದಿಲ್ಲ. ಆದರೆ ಖಾತೆ ಮುಚ್ಚಿದ ಮಾತ್ರಕ್ಕೆ ಗೈಡಿನ ಪಾಠಕ್ಕೆ ಜೀವ ಬಾರದು, ಬೆಳಗಿನ ಜಾವದ ಕರೆಯೂ ನಿಲ್ಲದು.

ಮುಖ್ಯ ಶಿಕ್ಷಕರಲ್ಲಿ ಒಂದು ವಿನಂತಿ: ಸಂಜೆ ಏಳರ ನಂತರ ಶಾಲೆಯ ಗುಂಪಿನಲ್ಲಿ ಏನನ್ನೂ ಕಳಿಸಬೇಡಿ, ಮುಂಜಾನೆಯ ಕರೆಗಳನ್ನು ಬಿಟ್ಟುಬಿಡಿ. ತಂದೆತಾಯಂದಿರೇ, ರಾತ್ರಿ ಮನೆಯ ಫೋನುಗಳೆಲ್ಲ ಹಜಾರದಲ್ಲೇ ಚಾರ್ಜಿಗಿರಲಿ, ಮೊದಲು ನಿಮ್ಮದು.