ಲೋಕಧರ್ಮ ಮತ್ತು ಕಥಾಸಂವಿಧಾನ

ಕಾದಂಬರಿ ಬರೆಯಹೊರಟವನು ಮೊದಲು ಕಥೆಯ ಹಂದರವನ್ನು ಹಾಕಿಕೊಳ್ಳಬೇಕೋ, ಕಥೆ ನಡೆಯುವ ಲೋಕವನ್ನು ಕಟ್ಟಿಕೊಳ್ಳಬೇಕೋ ಎಂಬುದು ಮೇಲ್ನೋಟಕ್ಕೆ ಬರಿಯ ಕಸುಬಿನ ಪ್ರಶ್ನೆ. ಹುಟ್ಟೂರಿನಿಂದ ದೂರ ನೆಲಸಿದ ಕನ್ನಡ ಲೇಖಕನಿಗಾದರೋ ಅದು ಕಸುಬನ್ನು ಮೀರಿದ ಪ್ರಶ್ನೆ. ವಿಶಾಖಪಟ್ಟಣದಲ್ಲೋ ವಿಜಯವಾಡದಲ್ಲೋ ಇಪ್ಪತ್ತು ವರ್ಷ ಕಳೆದವನು ಲೇಖನಿ ಹಿಡಿದಾಗ, ಅವನ ಪಾತ್ರಗಳು ಯಾವ ಬೀದಿಯಲ್ಲಿ ನಡೆದಾಡಬೇಕು? ಬಿಟ್ಟುಬಂದ ಊರು ನೆನಪಿನಲ್ಲಿ ಇದ್ದಂತೆಯೇ ನಿಂತುಹೋಗಿದೆ. ಬಂದು ಸೇರಿದ ಊರು ಬೇರೊಂದು ನುಡಿಯನ್ನಾಡುತ್ತದೆ. ಈ ಇಕ್ಕಟ್ಟಿನಿಂದ ಪಾರಾಗಲು ಹಲವರು ಹಿಡಿಯುವ ದಾರಿ ಒಂದೇ: ಜಾತ್ರೆ, ತೇರು, ಹೊಳೆಯ ದಂಡೆ, ಅಜ್ಜಿಯ ಅಡುಗೆಮನೆ ಇವುಗಳಿಂದ ಒಂದು ಊರನ್ನು ಅಲಂಕರಿಸಿ, ಅದರ ನಡುವೆ ಮೊದಲೇ ಯೋಚಿಸಿಟ್ಟ ಕಥೆಯೊಂದನ್ನು ಕೂರಿಸುವುದು. ಅಂಥ ಬರವಣಿಗೆಯಲ್ಲಿ ಊರಿಗೂ ಕಥೆಗೂ ಸಂಬಂಧ ಕಡಿಮೆ. ಊರಿನ ಹೆಸರನ್ನು ಬದಲಿಸಿದರೂ ಕಥೆ ಹಾಗೆಯೇ ನಡೆದೀತು. ದೋಷವಿರುವುದು ಇಲ್ಲಿಯೇ.

ಭರತಮುನಿಯು ಇತಿವೃತ್ತವನ್ನು ನಾಟ್ಯದ ಶರೀರವೆಂದು ಕರೆದನು. ಅರಿಸ್ಟಾಟಲನು ಅದನ್ನು ದುರಂತನಾಟಕದ ಆತ್ಮವೆಂದನು. ಒಬ್ಬನಿಗೆ ಶರೀರವಾದದ್ದು ಇನ್ನೊಬ್ಬನಿಗೆ ಆತ್ಮವಾದರೂ ಇಬ್ಬರ ಲಕ್ಷ್ಯವೂ ರಂಗಭೂಮಿಯೇ. ಅಲ್ಲಿ ಪ್ರೇಕ್ಷಕನು ಬಹುಮಟ್ಟಿಗೆ ಪರಿಚಿತವಾದ ಪುರಾಣಲೋಕವನ್ನು ಮನಸ್ಸಿನಲ್ಲಿಟ್ಟುಕೊಂಡೇ ಬಂದು ಕುಳಿತಿರುತ್ತಿದ್ದನು. ಕಾದಂಬರಿಕಾರನಿಗೆ ಈ ಅನುಕೂಲವಿಲ್ಲ; ಕಥೆಯೊಡನೆ ಲೋಕವನ್ನೂ ಅವನೇ ನಿರ್ಮಿಸಬೇಕು. ಲೋಕವೆಂದರೆ ವಿವರಗಳ ಪಟ್ಟಿಯಲ್ಲ. ಅಲ್ಲಿ ಏನು ಸಾಧ್ಯ, ಏನು ಅಸಾಧ್ಯ, ಸಾಧ್ಯವಾದುದಕ್ಕೆ ಯಾರು ಎಷ್ಟು ಬೆಲೆ ತೆರಬೇಕು ಎಂಬ ಕಟ್ಟಳೆಯೇ ಲೋಕ. ಇದನ್ನು ಲೋಕಧರ್ಮವೆಂದು ಕರೆಯಬಹುದು. ಪಾತ್ರದ ಬಯಕೆಯು ಈ ಕಟ್ಟಳೆಗೆ ತಾಗಿದಾಗ ಹುಟ್ಟುವ ಚಲನೆಯೇ ಸಂವಿಧಾನ.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಇದಕ್ಕೆ ಉತ್ತಮ ನಿದರ್ಶನ. ಸಿಂಬಾವಿಯ ಜೀತದಾಳು ಗುತ್ತಿಯು ಬೆಟ್ಟಳ್ಳಿಯ ತಿಮ್ಮಿಯನ್ನು ಮದುವೆಯಾಗಬಯಸುತ್ತಾನೆ. ಬೇರೆ ಲೋಕದಲ್ಲಿ ಇದು ಎರಡು ಪುಟಗಳಲ್ಲಿ ಮುಗಿಯುವ ವಿಷಯ. ಆದರೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡಿನಲ್ಲಿ ತಿಮ್ಮಿಯ ದುಡಿಮೆಯು ಬೆಟ್ಟಳ್ಳಿಯ ಗೌಡರ ಮನೆಗೆ ಸೇರಿದ್ದು. ಅವಳು ಸಿಂಬಾವಿಗೆ ಹೋದರೆ ಒಂದು ಮನೆಗೆ ಆಳಿನ ನಷ್ಟ, ಇನ್ನೊಂದು ಮನೆಗೆ ಆಳಿನ ಲಾಭ. ಪ್ರೇಮವು ಹೀಗೆ ಎರಡು ಮನೆತನಗಳ ಲೆಕ್ಕದ ಪುಸ್ತಕದೊಳಗೆ ಸಿಕ್ಕಿಬೀಳುತ್ತದೆ. ಓಡಿಹೋಗುವುದೊಂದೇ ದಾರಿ, ಆ ದಾರಿಯಲ್ಲಿ ಕಾಡಿದೆ, ಮಳೆಯಿದೆ, ಕೊನೆಗೆ ತುಂಗೆಯ ಪ್ರವಾಹವಿದೆ. ಇವುಗಳಲ್ಲಿ ಒಂದನ್ನೂ ಲೇಖಕರು ಹೊರಗಿನಿಂದ ತಂದು ಸೇರಿಸಿದಂತೆ ಕಾಣುವುದಿಲ್ಲ. ಈ ಮಲೆನಾಡನ್ನು ಅವರು ಕಟ್ಟಿದ್ದು ಮೈಸೂರಿನಲ್ಲಿ ಕುಳಿತು ಎಂಬುದನ್ನೂ ಮರೆಯಲಾಗದು. ದೂರವು ತನ್ನಷ್ಟಕ್ಕೆ ದೋಷವಲ್ಲ.

ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ (1941) ಪ್ರವಾಸಿ ಕನ್ನಡಿಗರಿಗೆ ಇನ್ನೂ ಹತ್ತಿರದ್ದು. ಮೂರು ತಲೆಮಾರುಗಳ ಈ ಕಥೆಯಲ್ಲಿ ಕಡಲತಡಿಯ ಭೂಮಿ ಕಡಮೆ, ದುಡಿಮೆ ಹೆಚ್ಚು. ಈ ಒಂದು ಸಂಗತಿಯನ್ನು ಗಟ್ಟಿಯಾಗಿ ಹಿಡಿದರೆ ಮಿಕ್ಕದ್ದೆಲ್ಲ ತಾನಾಗಿ ಬರುತ್ತದೆ: ಶೀನಮಯ್ಯನ ಮನೆಯವರು ಬೆಂಗಳೂರಿನಲ್ಲಿ ಹೋಟೆಲು ನಡೆಸಿ ಹಣ ಕಾಣುವುದು, ಅದನ್ನು ಕಂಡ ರಾಮೈತಾಳನು ಮಗ ಲಚ್ಚನನ್ನು ಇಂಗ್ಲಿಷ್ ವಿದ್ಯೆಗೆ ಕಳುಹಿಸುವುದು, ಆ ವಿದ್ಯೆಯೇ ಮನೆಯನ್ನು ಮುಳುಗಿಸುವುದು. ಕರಾವಳಿಯಿಂದ ಹೊರಟು ಆಂಧ್ರದ ಪಟ್ಟಣಗಳಲ್ಲಿ ಹೋಟೆಲು ತೆರೆದ ಕುಟುಂಬಗಳ ಬಾಳಿಗೆ ಕಾರಣವಾದ ಕಟ್ಟಳೆಯೂ ಇದೇ ಅಲ್ಲವೆ?

ತೆಲುಗಿನಲ್ಲಿ ಈ ಪ್ರಶ್ನೆಗೆ ದೊರೆತ ದೊಡ್ಡ ಉತ್ತರ ವಿಶ್ವನಾಥ ಸತ್ಯನಾರಾಯಣರ ‘ವೇಯಿಪಡಗಲು’. ಮುಂದೆ ವಿಜಯವಾಡದ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಅವರು 1930ರ ದಶಕದಲ್ಲಿ ಈ ಬೃಹತ್ ಕೃತಿಯನ್ನು ಸುಮಾರು ಒಂದು ತಿಂಗಳಲ್ಲಿ ಬಾಯಲ್ಲಿ ಹೇಳಿ ಬರೆಯಿಸಿದರೆಂಬುದು ಪ್ರಸಿದ್ಧ. ಆಂಧ್ರ ವಿಶ್ವವಿದ್ಯಾಲಯದ ಬಹುಮಾನವು ಇದಕ್ಕೂ ಅಡಿವಿ ಬಾಪಿರಾಜುರವರ ‘ನಾರಾಯಣರಾವು’ ಕಾದಂಬರಿಗೂ ಹಂಚಿಕೆಯಾಯಿತು. ಅಷ್ಟು ವೇಗದಲ್ಲಿ ಸಂವಿಧಾನವನ್ನು ಅಳೆದು ತೂಗಲು ಅವಕಾಶವೆಲ್ಲಿ? ಆದರೂ ಕೃತಿ ನಿಲ್ಲುತ್ತದೆ. ಏಕೆಂದರೆ ಸುಬ್ಬನ್ನಪೇಟೆಯೆಂಬ ಊರು ಲೇಖಕರ ಮನಸ್ಸಿನಲ್ಲಿ ಆಗಲೇ ಪೂರ್ಣವಾಗಿತ್ತು. ದೇವಾಲಯ, ಜಮೀನುದಾರಿಕೆ, ಅಗ್ರಹಾರ ಇವು ಒಂದನ್ನೊಂದು ಹೊತ್ತು ನಿಂತಿವೆ. ಒಂದು ಅಲುಗಿದರೆ ಎಲ್ಲವೂ ಅಲುಗುತ್ತವೆ. ಸಾವಿರ ಹೆಡೆಯ ಸರ್ಪವೇ ಆ ಲೋಕಧರ್ಮದ ಪ್ರತಿಮೆ. ಧರ್ಮಗಳು ಅಳಿದಂತೆ ಹೆಡೆಗಳು ಕುಗ್ಗಿ ಕೊನೆಗೆ ಎರಡೇ ಉಳಿಯುತ್ತವೆ.

ಈ ಕೃತಿಯ ಶಕ್ತಿಯೇ ಅದರ ಮಿತಿಯೂ ಹೌದು. ಲೋಕವನ್ನು ಇಷ್ಟು ಬಿಗಿಯಾಗಿ ಕಟ್ಟಿದಾಗ ಅದಕ್ಕೆ ಕುಸಿಯುವುದೊಂದೇ ಗತಿಯಾಗುತ್ತದೆ. ಹೊಸತೆಲ್ಲವೂ ಹಾನಿಯಾಗಿಯೇ ಪ್ರವೇಶಿಸುತ್ತದೆ. ಊರನ್ನು ಬಿಟ್ಟವನ ನೆನಪಿಗೂ ಇದೇ ಅಪಾಯ. ನೆನಪಿನ ಊರು ಪರಿಪೂರ್ಣ. ಆದುದರಿಂದ ಅದರ ಕಥೆಯು ನಷ್ಟದ ಕಥೆಯಾಗಿಯೇ ಮುಗಿಯುತ್ತದೆ.

ವಿಶಾಖಪಟ್ಟಣದಲ್ಲಿ ವಕೀಲರಾಗಿದ್ದ ರಾಚಕೊಂಡ ವಿಶ್ವನಾಥ ಶಾಸ್ತ್ರಿಗಳು (1922–1993) ಇದಕ್ಕೆ ವಿರುದ್ಧವಾದ ದಾರಿಯಲ್ಲಿ ನಡೆದರು. ಅವರ ‘ಆರು ಸಾರಾ ಕಥಲು’ ಸಂಕಲನದ ಲೋಕವು ಪಾನನಿರೋಧ ಕಾನೂನಿನ ಸುತ್ತ ಹುಟ್ಟಿದ್ದು. ಕಾನೂನೊಂದು ಜಾರಿಗೆ ಬಂದೊಡನೆ ಕಳ್ಳಸಾರಾಯಿ ಮಾರುವವರು, ಹಿಡಿಯುವ ಪೊಲೀಸರು, ಸಾಕ್ಷಿಗಳು, ವಕೀಲರು ಎಂಬ ಒಂದು ಸರಪಳಿಯೇ ಸಿದ್ಧವಾಗುತ್ತದೆ. ಇಲ್ಲಿ ಪೂರ್ವಕಾಲದ ಹಂಬಲವಿಲ್ಲ. ಲೇಖಕರು ದಿನವೂ ಕಾಣುತ್ತಿದ್ದ ನ್ಯಾಯಾಲಯದ ಅಂಗಳವೇ ಕಥೆಯ ಲೋಕವಾಯಿತು.

ಪರಸ್ಥಳದ ಕನ್ನಡಿಗನು ಈ ಎರಡು ದಾರಿಗಳನ್ನು ಕೂಡಿಸಬಲ್ಲನೆ? ಯಶವಂತ ಚಿತ್ತಾಲರು (1928–2014) ಕೂಡಿಸಿ ತೋರಿಸಿದರು. ಹನೇಹಳ್ಳಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಉದ್ಯೋಗಿಯಾಗಿದ್ದ ಅವರು ಎರಡನ್ನೂ ಬಿಡಲಿಲ್ಲ. ‘ಶಿಕಾರಿ’ (1979) ಕಾದಂಬರಿಯ ನಾಗಪ್ಪನು ಕಂಪನಿಯ ವಿಚಾರಣೆಗೆ ಗುರಿಯಾದಾಗ ಅವನ ಹುಟ್ಟು, ಬಾಲ್ಯ, ಮನೆಯ ದುಃಖ ಎಲ್ಲವೂ ಅವನ ವಿರುದ್ಧ ಬಳಕೆಯಾಗುವ ಆಯುಧಗಳಾಗುತ್ತವೆ. ಹನೇಹಳ್ಳಿಯು ಅಲ್ಲಿ ಹಂಬಲದ ಚಿತ್ರವಾಗಿ ಉಳಿಯದೆ ಮುಂಬಯಿಯ ಕಚೇರಿಯೊಳಗೆ ಬಂದು ಕಥೆಯನ್ನು ನಡೆಸುತ್ತದೆ. ಕನ್ನಡ ಬಾರದ ಪಾತ್ರಗಳು ಕನ್ನಡ ಕಾದಂಬರಿಯಲ್ಲಿ ಮಾತಾಡುವುದು ಹೇಗೆಂಬ ಆಕ್ಷೇಪಕ್ಕೂ ಆ ಕೃತಿಯಲ್ಲಿಯೇ ಸಮಾಧಾನವಿದೆ: ಲೋಕವು ನಿಜವಾಗಿದ್ದರೆ ಓದುಗನು ನುಡಿಯ ವ್ಯತ್ಯಾಸವನ್ನು ತಾನೇ ತುಂಬಿಕೊಳ್ಳುತ್ತಾನೆ.

ಇಷ್ಟಾದ ಮೇಲೆ ವಿಶಾಖಪಟ್ಟಣದಿಂದ ದಕ್ಷಿಣಕ್ಕೆ ಹೊರಟು ಅಚ್ಯುತಾಪುರವನ್ನು ನೋಡಬೇಕು. 2022ರಿಂದ ಅನಕಾಪಲ್ಲಿ ಜಿಲ್ಲೆಗೆ ಸೇರಿರುವ ಈ ಊರಿನ ಆಸುಪಾಸಿನ ಹೊಲಗಳು ವಿಶೇಷ ಆರ್ಥಿಕ ವಲಯವಾಗಿವೆ. ಹಳ್ಳಿಯ ಹೆಣ್ಣುಮಕ್ಕಳು ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗುತ್ತಾರೆ. ಬೇರೆ ರಾಜ್ಯಗಳಿಂದ ಬಂದವರು ಯಂತ್ರಗಳ ನಡುವೆ ದುಡಿಯುತ್ತಾರೆ. 2024ರ ಆಗಸ್ಟ್ ತಿಂಗಳಿನಲ್ಲಿ ಅಲ್ಲಿಯ ಔಷಧ ಕಾರ್ಖಾನೆಯೊಂದರಲ್ಲಿ ಸ್ಫೋಟವಾಗಿ 17 ಮಂದಿ ಮಡಿದರು. ಹಂದರವನ್ನೇ ಮೊದಲು ಹಾಕುವ ಲೇಖಕನು ಇಂಥ ದುರಂತವನ್ನು ಕೊನೆಯ ಅಧ್ಯಾಯಕ್ಕೆಂದು ಎತ್ತಿಟ್ಟುಕೊಂಡಾನು. ಆಗ ಅದು ಆಕಸ್ಮಿಕವಾಗಿಯೇ ಉಳಿಯುತ್ತದೆ. ಲೋಕವನ್ನು ಮೊದಲು ಅರಿತವನು ಬೇರೆ ಪ್ರಶ್ನೆಗಳನ್ನು ಕೇಳುತ್ತಾನೆ: ಹೊಲದ ಪರಿಹಾರದ ಹಣ ಯಾರ ಕೈಸೇರಿತು? ರಾತ್ರಿಯ ಪಾಳಿಯನ್ನು ಒಲ್ಲೆನೆನ್ನುವ ಸ್ವಾತಂತ್ರ್ಯ ಯಾರಿಗಿದೆ? ಅಪಾಯವನ್ನು ಕಂಡವನು ಅದನ್ನು ಯಾವ ಭಾಷೆಯಲ್ಲಿ, ಯಾರಿಗೆ ಹೇಳಬೇಕು? ಇವುಗಳ ಉತ್ತರಗಳಿಂದಲೇ ಕಥೆ ಹುಟ್ಟುತ್ತದೆ.

ಪ್ರವಾಸಿ ಕನ್ನಡಿಗರು ಊರನ್ನು ಮರೆಯಬೇಕೆಂದು ಇದರ ಅರ್ಥವಲ್ಲ. ನೆನಪಿನ ಊರಿಗೂ ಇರುವ ಊರಿಗೂ ತಮ್ಮ ತಮ್ಮ ಕಟ್ಟಳೆಗಳಿವೆ. ಎರಡೂ ಒಬ್ಬನ ಬಾಳಿನಲ್ಲಿ ಸಂಧಿಸುವ ಎಡೆಯನ್ನು ಕಂಡುಕೊಂಡ ಲೇಖಕನಿಗೆ ಸಂವಿಧಾನಕ್ಕಾಗಿ ಪರದಾಡುವ ಕಾರಣವಿಲ್ಲ. ಅದನ್ನು ಕಾಣದವನು ಎಷ್ಟು ಹಂದರ ಹಾಕಿದರೂ ಬಳ್ಳಿ ಹಬ್ಬುವುದಿಲ್ಲ.